ಯಹೂದಿ ಪೂರಕ ಶಾಲೆಗಳ ಅರೆಕಾಲಿಕ ಶಿಕ್ಷಕರ ತರಬೇತಿ

ಅಮೆರಿಕದ ಯಹೂದಿ ಪೂರಕ ಶಾಲೆಗಳಲ್ಲಿ ವಾರಕ್ಕೆ ಕೆಲವೇ ಗಂಟೆ ಧರ್ಮ, ಹೀಬ್ರೂ ಮತ್ತು ಇತಿಹಾಸ ಕಲಿಸುವವರಿಗೆ ನೀಡುವ ವೃತ್ತಿಶಿಕ್ಷಣವೇ ಈ ಲೇಖನದ ವಿಷಯ. ಸಂಪ್ರದಾಯನಿಷ್ಠ ಆರ್ಥಡಾಕ್ಸ್ ಪಂಥಕ್ಕೆ ಸೇರದ ಯಹೂದಿ ಮಕ್ಕಳಲ್ಲಿ ಬಹುಪಾಲು ಜನ ವಾರವಿಡೀ ಸಾಮಾನ್ಯ ಶಾಲೆಗಳಿಗೆ ಹೋಗುತ್ತಾರೆ. ಅವರಲ್ಲಿ ಅನೇಕರು ಭಾನುವಾರ ಬೆಳಿಗ್ಗೆ, ಇಲ್ಲವೆ ವಾರದಲ್ಲಿ ಒಂದೆರಡು ದಿನ ಶಾಲೆ ಬಿಟ್ಟ ಮೇಲೆ, ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರಕ್ಕೆ ಹೊಂದಿಕೊಂಡ ಶಾಲೆಗೆ ಬರುತ್ತಾರೆ. ಇದಕ್ಕೆ ಹೀಬ್ರೂ ಸ್ಕೂಲ್, ಸಂಡೇ ಸ್ಕೂಲ್, ರಿಲಿಜಿಯಸ್ ಸ್ಕೂಲ್ ಎಂಬ ಹೆಸರುಗಳಿವೆ. ಪಾಠದ ಅವಧಿ ವಾರಕ್ಕೆ ಎರಡು ಗಂಟೆಯಿಂದ ಆರು ಗಂಟೆಯವರೆಗೆ. ಹದಿಮೂರನೆಯ ವಯಸ್ಸಿನಲ್ಲಿ ಬಾರ್ ಮಿಟ್ಸ್ವಾ ಅಥವಾ ಬಾಟ್ ಮಿಟ್ಸ್ವಾ ಎಂಬ ವಿಧಿ ನಡೆದು, ಮಗು ಸಭೆಯ ಮುಂದೆ ತೋರಾ ಎಂಬ ಧರ್ಮಗ್ರಂಥ ಓದುವುದರೊಂದಿಗೆ ಅನೇಕರ ಓದು ಮುಗಿಯುತ್ತದೆ. ಯಹೂದಿ ಡೇ ಸ್ಕೂಲ್ ಇದಕ್ಕಿಂತ ಬೇರೆ. ಅದು ಪೂರ್ಣಾವಧಿ ಶಾಲೆ, ಅದರ ಶಿಕ್ಷಕರು ಪೂರ್ಣ ಸಂಬಳದ ವೃತ್ತಿಪರರು.

ಪೂರಕ ಶಾಲೆಯ ಶಿಕ್ಷಕರಿಗೆ ಸಾಮಾನ್ಯವಾಗಿ ಬೇರೊಂದು ಜೀವನೋಪಾಯವಿರುತ್ತದೆ. ಸರ್ಕಾರಿ ಶಾಲೆಯ ಶಿಕ್ಷಕಿ, ಕಾನೂನು ಓದುತ್ತಿರುವ ವಿದ್ಯಾರ್ಥಿ, ನಿವೃತ್ತ ಲೆಕ್ಕಪರಿಶೋಧಕ, ಅದೇ ತರಗತಿಯ ಮಗುವಿನ ತಾಯಿ, ಗಂಡನ ಅಥವಾ ಹೆಂಡತಿಯ ಉದ್ಯೋಗಕ್ಕಾಗಿ ಅಮೆರಿಕಕ್ಕೆ ಬಂದ ಇಸ್ರೇಲಿ, ಹೀಗೆ ಹಲವು ಬಗೆಯ ಜನ ಒಂದೇ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಅವರಿಗೆ ನೆರವಾಗಲು ಹೈಸ್ಕೂಲು ಓದುವ ಹುಡುಗ ಹುಡುಗಿಯರಿರುತ್ತಾರೆ, ಅವರನ್ನು ಮದ್ರಿಖೀಮ್ ಎನ್ನುತ್ತಾರೆ. ಈ ವೈವಿಧ್ಯವೇ ತರಬೇತಿಯ ಮೊದಲ ತೊಡಕು. ಸರ್ಕಾರಿ ಶಾಲೆಯ ಶಿಕ್ಷಕಿಗೆ ತರಗತಿ ನಡೆಸುವುದು ಚೆನ್ನಾಗಿ ಗೊತ್ತು, ಆದರೆ ಅವಳ ಹೀಬ್ರೂ ಹನ್ನೆರಡನೆಯ ವಯಸ್ಸಿಗೇ ನಿಂತಿರಬಹುದು. ಇಸ್ರೇಲಿಗೆ ಹೀಬ್ರೂ ಮಾತೃಭಾಷೆ, ಆದರೆ ಹೆಂಗಸು ರಬ್ಬಿ ಅಂದರೆ ಧರ್ಮಗುರುವಾಗಿರುವ, ಗಿಟಾರ್ ನುಡಿಸುತ್ತ ಪ್ರಾರ್ಥನೆ ಮಾಡುವ, ರಿಫಾರ್ಮ್ ಎಂಬ ಸುಧಾರಣಾವಾದಿ ಪಂಥದ ಸಿನಗಾಗ್ ಅವರಿಗೆ ಅಪರಿಚಿತ ಲೋಕ. ಕಾಲೇಜು ವಿದ್ಯಾರ್ಥಿಗೆ ಬೇಸಿಗೆ ಶಿಬಿರದ ಹಾಡು, ಆಟ ಎಲ್ಲವೂ ಕರಗತ. ಆದರೆ ಪಾಠ ಎಲ್ಲಿಂದ ಹೊರಟು ಎಲ್ಲಿಗೆ ತಲುಪಬೇಕೆಂಬ ಯೋಜನೆ ಇರುವುದಿಲ್ಲ. ಗ್ರಂಥಜ್ಞಾನ, ಬೋಧನಕಲೆ, ಸಮುದಾಯದ ಪರಿಚಯ ಈ ಮೂರೂ ಒಬ್ಬರಲ್ಲೇ ಸೇರುವುದು ಅಪರೂಪ. ಆದ್ದರಿಂದ ಎಲ್ಲರಿಗೂ ಒಂದೇ ಪಠ್ಯಕ್ರಮವನ್ನು ಹೇರಿದರೆ ಅರ್ಧದಷ್ಟು ಜನರಿಗೆ ಗೊತ್ತಿದ್ದದ್ದನ್ನೇ ಮತ್ತೆ ಹೇಳಿದಂತಾಗುತ್ತದೆ.

ಕಾನೂನಿನ ಒತ್ತಾಯವೂ ಇಲ್ಲ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯಿಂದಾಗಿ ಧರ್ಮಬೋಧನೆಯ ವ್ಯವಹಾರದಲ್ಲಿ ಸರ್ಕಾರ ಕೈಹಾಕುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಲು ರಾಜ್ಯದ ಪ್ರಮಾಣಪತ್ರ ಬೇಕು, ಸಿನಗಾಗ್ ಶಾಲೆಯಲ್ಲಿ ಬೇಡ. ಯಾರನ್ನು ನೇಮಿಸಬೇಕು, ಅವರಿಗೆ ಏನು ಗೊತ್ತಿರಬೇಕು ಎಂಬುದನ್ನು ಆಯಾ ಸಿನಗಾಗ್‌ನ ಸದಸ್ಯರ ಸಭೆಯೇ ನಿರ್ಧರಿಸುತ್ತದೆ. ಆಯಾ ನಗರದ ಯಹೂದಿ ಶಿಕ್ಷಣ ಮಂಡಳಿಗಳು ಒಂದು ಕಾಲದಲ್ಲಿ ತಮ್ಮದೇ ಲೈಸೆನ್ಸ್ ಕೊಡುವ ವ್ಯವಸ್ಥೆ ಮಾಡಿಕೊಂಡಿದ್ದವು. ಆದರೆ ಲೈಸೆನ್ಸ್ ಇಲ್ಲದವರನ್ನು ನೇಮಿಸಿಕೊಂಡ ಸಭೆಗೆ ಯಾವ ದಂಡವೂ ಇರಲಿಲ್ಲ. ಶಾಲಾ ವರ್ಷ ಶುರುವಾಗುವ ಸೆಪ್ಟೆಂಬರ್ ಹತ್ತಿರ ಬಂದಂತೆ ತರಗತಿಗೆ ಯಾರಾದರೂ ಸಿಕ್ಕರೆ ಸಾಕೆಂಬ ಪರಿಸ್ಥಿತಿಯಲ್ಲಿ ಯಾರೂ ಅರ್ಹತಾಪತ್ರ ಕೇಳುತ್ತಿರಲಿಲ್ಲ.

ಶಿಕ್ಷಕ ಹೇಗಿರಬೇಕೆಂಬ ಚರ್ಚೆ ಯಹೂದಿ ಪರಂಪರೆಯಲ್ಲಿ ಹಳೆಯದು. ಬ್ಯಾಬಿಲೋನಿಯನ್ ತಾಲ್ಮುಡ್ ಎಂಬ ಪ್ರಾಚೀನ ಧರ್ಮಗ್ರಂಥದ ಬಾವಾ ಬಾತ್ರಾ ಭಾಗದಲ್ಲಿ, ಊರೂರಿಗೂ ಮಕ್ಕಳ ಶಿಕ್ಷಕರನ್ನು ನೇಮಿಸುವ ಕ್ರಮವನ್ನು ಯೆಹೋಶುವಾ ಬೆನ್ ಗಮ್ಲಾ ಎಂಬ ಮಹಾಯಾಜಕ ಜಾರಿಗೆ ತಂದನೆಂದು ಹೇಳಿದೆ. ಇಪ್ಪತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕ, ನಲವತ್ತು ಮಕ್ಕಳಾದರೆ ಒಬ್ಬ ಸಹಾಯಕ ಎಂಬ ಲೆಕ್ಕವೂ ಅಲ್ಲಿದೆ. ಬಹಳಷ್ಟು ಕಲಿಸಿದರೂ ತಪ್ಪುಗಳ ಕಡೆ ಗಮನ ಕೊಡದ ಶಿಕ್ಷಕ ಒಳ್ಳೆಯವನೋ, ನಿಧಾನವಾಗಿಯಾದರೂ ಸರಿಯಾಗಿ ಕಲಿಸುವವನು ಒಳ್ಳೆಯವನೋ ಎಂದು ಇಬ್ಬರು ಪಂಡಿತರು ಅದೇ ಪುಟದಲ್ಲಿ ವಾದಿಸುತ್ತಾರೆ. ಆದರೆ ಶಿಕ್ಷಕನನ್ನು ತಯಾರು ಮಾಡುವುದು ಹೇಗೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಗ್ರಂಥ ಬಲ್ಲವನು ಕಲಿಸಬಲ್ಲ ಎಂಬುದು ಗ್ರಹಿಕೆ. ಪೂರ್ವ ಯುರೋಪಿನ ಖೇದರ್ ಎಂಬ ಒಂದು ಕೋಣೆಯ ಶಾಲೆ ಶತಮಾನಗಳ ಕಾಲ ಇದೇ ಗ್ರಹಿಕೆಯ ಮೇಲೆ ನಡೆಯಿತು. ಅಲ್ಲಿನ ಮೆಲಮೇಡ್ ಎಂಬ ಶಿಕ್ಷಕನಿಗೆ ಓದು ಇತ್ತು, ಆದಾಯ ಇರಲಿಲ್ಲ, ಮರ್ಯಾದೆ ಅದಕ್ಕಿಂತ ಕಡಿಮೆ. ಬೇರೆ ಕಸುಬು ಕೈಹತ್ತದವನು ಮೆಲಮೇಡ್ ಆಗುತ್ತಾನೆ ಎಂಬ ಹಾಸ್ಯ ಯಿಡಿಷ್ ಸಾಹಿತ್ಯದಲ್ಲಿ ಹೇರಳವಾಗಿದೆ.

ಅಮೆರಿಕದಲ್ಲಿ ಕಥೆ ಬೇರೆ ದಾರಿಯಲ್ಲಿ ಶುರುವಾಯಿತು. 1838ರಲ್ಲಿ ಫಿಲಡೆಲ್ಫಿಯಾದ ರೆಬೆಕಾ ಗ್ರಾಟ್ಜ್ ಯಹೂದಿ ಮಕ್ಕಳಿಗಾಗಿ ಮೊದಲ ಹೀಬ್ರೂ ಸಂಡೇ ಸ್ಕೂಲ್ ತೆರೆದರು. ಪ್ರಾಟೆಸ್ಟೆಂಟ್ ಚರ್ಚುಗಳ ಭಾನುವಾರದ ಶಾಲೆ ಅದರ ಮಾದರಿ. ಕಲಿಸಿದವರೆಲ್ಲ ಸ್ಥಳೀಯ ಯಹೂದಿ ಕುಟುಂಬಗಳ ಹೆಣ್ಣುಮಕ್ಕಳು, ಸಂಬಳವಿಲ್ಲದ ಸ್ವಯಂಸೇವಕಿಯರು. ಯಹೂದಿ ಪಠ್ಯಪುಸ್ತಕಗಳೇ ಇರಲಿಲ್ಲವಾಗಿ ಮೊದಮೊದಲು ಕ್ರೈಸ್ತ ಸಂಡೇ ಸ್ಕೂಲಿನ ಪುಸ್ತಕಗಳನ್ನೇ ತಂದು, ಒಪ್ಪಿಗೆಯಾಗದ ಸಾಲುಗಳ ಮೇಲೆ ಕಾಗದ ಅಂಟಿಸಿ ಬಳಸಿದರು. ಮಕ್ಕಳು ಆ ಕಾಗದದ ಕೆಳಗೆ ಏನಿದೆಯೆಂದು ಓದಲು ಮಾಡುತ್ತಿದ್ದ ಪ್ರಯತ್ನಗಳ ನೆನಪು ದಾಖಲೆಯಲ್ಲಿ ಉಳಿದಿದೆ. ಮರುವರ್ಷ ಐಸಾಕ್ ಲೀಸರ್ ಪ್ರಶ್ನೋತ್ತರ ರೂಪದ ಧರ್ಮಬೋಧಿನಿಯೊಂದನ್ನು ಪ್ರಕಟಿಸಿದರು, ಸಿಂಹಾ ಪೀಶೊಟ್ಟೊ ಎಂಬ ಶಿಕ್ಷಕಿ ಬೈಬಲ್ ಪರಿಚಯದ ಪಠ್ಯ ಬರೆದರು. ಪ್ರಶ್ನೆಯೂ ಉತ್ತರವೂ ಪುಸ್ತಕದಲ್ಲೇ ಅಚ್ಚಾಗಿರುವಾಗ ಶಿಕ್ಷಕಿಯ ಕೆಲಸ ಒಪ್ಪಿಸಿಕೊಳ್ಳುವುದಷ್ಟೆ, ಅದಕ್ಕೆ ತರಬೇತಿ ಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಅಲ್ಲೇ ಓದಿದ ಹುಡುಗಿಯರು ಬೆಳೆದು ಅಲ್ಲೇ ಶಿಕ್ಷಕಿಯರಾದರು. ಗ್ರಾಟ್ಜ್ 1864ರವರೆಗೆ, ತಮ್ಮ ಎಂಬತ್ತರ ವಯಸ್ಸು ದಾಟುವವರೆಗೆ, ಶಾಲೆಯನ್ನು ನಡೆಸಿದರು. ಈ ಮಾದರಿ ಇತರ ನಗರಗಳಿಗೂ ಹಬ್ಬಿತು. ಭಾನುವಾರದ ಶಿಕ್ಷಕಿ ಸೇವಾಭಾವದ ಗೃಹಿಣಿ, ಅವಳಿಗೆ ಸಂಬಳ ಬೇಕಿಲ್ಲ, ಓದು ಅಷ್ಟಾಗಿ ಬೇಕಿಲ್ಲ ಎಂಬ ಭಾವನೆ ಅಲ್ಲಿಂದ ಬಂದದ್ದು. ಇಂದಿಗೂ ಅದು ಪೂರ್ತಿ ಅಳಿದಿಲ್ಲ.

ಶಿಕ್ಷಕರನ್ನು ತಯಾರು ಮಾಡುವ ಮೊದಲ ಸ್ವತಂತ್ರ ಕಾಲೇಜು ಇದೇ ಮನೆತನದ ಹಣದಿಂದ ಹುಟ್ಟಿತು. ರೆಬೆಕಾ ಅವರ ಸಹೋದರ ಹೈಮನ್ ಗ್ರಾಟ್ಜ್ ಬಿಟ್ಟುಹೋದ ದತ್ತಿಯಿಂದ 1895ರಲ್ಲಿ ಫಿಲಡೆಲ್ಫಿಯಾದಲ್ಲಿ ಗ್ರಾಟ್ಜ್ ಕಾಲೇಜು ಸ್ಥಾಪನೆಯಾಯಿತು. ಹೊತ್ತಿಗೆ ಸರಿಯಾಗಿ ಬೇಡಿಕೆಯೂ ಏರಿತ್ತು. 1881ರಿಂದ 1924ರವರೆಗೆ ಪೂರ್ವ ಯುರೋಪಿನಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳು ಅಮೆರಿಕಕ್ಕೆ ಬಂದರು. ನ್ಯೂಯಾರ್ಕಿನ ಕೇರಿಗಳಲ್ಲಿ ಮೆಲಮೇಡ್‌ಗಳು ಹಿತ್ತಿಲ ಕೋಣೆಗಳಲ್ಲಿ ಖೇದರ್ ತೆರೆದರು. ಇಂಗ್ಲಿಷ್ ಶಾಲೆಯಲ್ಲಿ ಹೊಸ ಬಗೆಯ ಪಾಠಕ್ಕೆ ಒಗ್ಗಿಕೊಂಡ ಮಕ್ಕಳಿಗೆ ಬೆತ್ತ ಹಿಡಿದ ಯಿಡಿಷ್ ಮಾತಿನ ಮುದುಕ ನಗೆಪಾಟಲಾದ. 1909ರಲ್ಲಿ ಮೋರ್ಡೆಕೈ ಕಪ್ಲನ್ ಮತ್ತು ಬರ್ನಾರ್ಡ್ ಕ್ರಾನ್ಸನ್ ನಡೆಸಿದ ಸಮೀಕ್ಷೆಯಂತೆ ನ್ಯೂಯಾರ್ಕಿನ ಯಹೂದಿ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಯಾವ ಧಾರ್ಮಿಕ ಶಿಕ್ಷಣವನ್ನೂ ಪಡೆಯುತ್ತಿರಲಿಲ್ಲ.

ಅದೇ 1909ರಲ್ಲಿ ನ್ಯೂಯಾರ್ಕಿನ ಜೂಯಿಷ್ ಥಿಯಲಾಜಿಕಲ್ ಸೆಮಿನರಿ ತನ್ನ ಟೀಚರ್ಸ್ ಇನ್‌ಸ್ಟಿಟ್ಯೂಟ್ ಆರಂಭಿಸಿ ಕಪ್ಲನ್ ಅವರನ್ನೇ ಮುಖ್ಯಸ್ಥರನ್ನಾಗಿ ನೇಮಿಸಿತು. ದಾನಿ ಜೇಕಬ್ ಶಿಫ್ ಹಣ ಕೊಟ್ಟರು. ಈ ಸಂಸ್ಥೆಯ ಇನ್ನೊಂದು ಪರಿಣಾಮ ಸ್ಥಾಪಕರ ಲೆಕ್ಕಾಚಾರದಲ್ಲಿ ಇದ್ದಂತಿಲ್ಲ. ಸೆಮಿನರಿಯ ರಬ್ಬಿ ತರಗತಿಗೆ ಹೆಂಗಸರು ಕಾಲಿಡಲು 1984ರವರೆಗೆ ಕಾಯಬೇಕಾಯಿತು. ಆದರೆ ಶಿಕ್ಷಕರ ವಿಭಾಗ ಮೊದಲಿನಿಂದಲೂ ಅವರಿಗೆ ತೆರೆದಿತ್ತು. ಹೀಬ್ರೂ, ಬೈಬಲ್, ಇತಿಹಾಸಗಳನ್ನು ಉನ್ನತ ಮಟ್ಟದಲ್ಲಿ ಕಲಿಯಬೇಕೆಂಬ ಯಹೂದಿ ಹೆಣ್ಣುಮಕ್ಕಳಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಶಿಕ್ಷಕ ತರಬೇತಿಯೇ ಬಾಗಿಲಾಗಿತ್ತು.

ಈ ಕ್ಷೇತ್ರದ ನಿಜವಾದ ಶಿಲ್ಪಿ ಸ್ಯಾಮ್ಸನ್ ಬೆಂಡರ್ಲಿ. 1876ರಲ್ಲಿ ಪ್ಯಾಲೆಸ್ತೀನಿನ ಸಫೇದ್‌ನಲ್ಲಿ ಹುಟ್ಟಿ, ಬಾಲ್ಟಿಮೋರ್‌ನಲ್ಲಿ ವೈದ್ಯವೃತ್ತಿ ಬಿಟ್ಟು ಹೀಬ್ರೂ ಶಾಲೆ ನಡೆಸಲು ನಿಂತವರು. 1910ರಲ್ಲಿ ನ್ಯೂಯಾರ್ಕಿನ ಯಹೂದಿ ಸಮುದಾಯ ಸಂಘಟನೆಯಾದ ಕೆಹಿಲ್ಲಾ, ಶಿಕ್ಷಣ ಮಂಡಳಿಯೊಂದನ್ನು ತೆರೆದು ಅವರ ಕೈಗಿತ್ತಿತು. ಹೀಬ್ರೂವನ್ನು ಅನುವಾದದ ಮೂಲಕವಲ್ಲದೆ ಹೀಬ್ರೂವಿನಲ್ಲೇ ಕಲಿಸುವ ಪದ್ಧತಿ, ಮಾದರಿ ಶಾಲೆಗಳು, ಮ್ಯಾಜಿಕ್ ಲಾಂದ್ರದ ಚಿತ್ರಗಳು, ಹೊಸ ಪಠ್ಯಗಳು, ಹೀಗೆ ಅವರು ಒಂದೇ ಸಲಕ್ಕೆ ಹಲವು ಕಡೆ ಕೈಹಾಕಿದರು. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಅವರು ಆರಿಸಿದ ತರುಣರ ಗುಂಪು. 'ಬೆಂಡರ್ಲಿ ಬಾಯ್ಸ್' ಎಂದೇ ಹೆಸರಾದ ಇವರನ್ನು ಅವರು ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿಗೆ ಕಳಿಸಿದರು. ಜಾನ್ ಡ್ಯೂಯಿ, ವಿಲಿಯಂ ಕಿಲ್‌ಪ್ಯಾಟ್ರಿಕ್ ಅವರ ಶಿಕ್ಷಣ ಚಿಂತನೆಯ ಗಾಳಿ ಅಲ್ಲಿ ಬೀಸುತ್ತಿತ್ತು. ಈ ಗುಂಪಿನ ಅಲೆಕ್ಸಾಂಡರ್ ದುಷ್ಕಿನ್ 1918ರಲ್ಲಿ ನ್ಯೂಯಾರ್ಕಿನ ಯಹೂದಿ ಶಿಕ್ಷಣದ ಮೊದಲ ಸಮಗ್ರ ಅಧ್ಯಯನ ಪ್ರಕಟಿಸಿದರು. ಐಸಾಕ್ ಬರ್ಕ್‌ಸನ್ ಅಮೆರಿಕೀಕರಣದ ಸಿದ್ಧಾಂತಗಳ ಬಗ್ಗೆ ಬರೆದರು. ಇಮ್ಯಾನುಯೆಲ್ ಗಮೋರನ್ 1923ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ರಿಫಾರ್ಮ್ ಪಂಥದ ಶಿಕ್ಷಣ ಆಯೋಗವನ್ನು ಮುನ್ನಡೆಸಿ, ಭಾನುವಾರದ ಶಾಲೆಗಳಿಗೆ ಪಠ್ಯಪುಸ್ತಕ ಮತ್ತು ಶಿಕ್ಷಕರ ಕೈಪಿಡಿಗಳ ಒಂದು ಭಂಡಾರವನ್ನೇ ಕಟ್ಟಿದರು. ತರಬೇತಿಗೆ ಬರಲಾಗದ ಶಿಕ್ಷಕಿಗೆ ಕೈಪಿಡಿಯ ಮೂಲಕವೇ ತರಬೇತಿ ಕೊಡುವ ದಾರಿ ಇದು. ಇಂದಿನ ಪ್ರಕಾಶಕರೂ ಅದನ್ನೇ ಹಿಡಿದಿದ್ದಾರೆ.

ಎರಡು ಮಹಾಯುದ್ಧಗಳ ನಡುವೆ ಶಿಕ್ಷಕರ ಕಾಲೇಜುಗಳು ನಗರದಿಂದ ನಗರಕ್ಕೆ ಎದ್ದವು. ಬಾಲ್ಟಿಮೋರ್‌ನಲ್ಲಿ 1919, ಬಾಸ್ಟನ್ನಿನಲ್ಲಿ 1921, ಶಿಕಾಗೋದಲ್ಲಿ 1924 ಇವುಗಳ ಹುಟ್ಟಿನ ವರ್ಷಗಳು. ಆರ್ಥಡಾಕ್ಸರ ಮಿಜ್ರಾಹಿ ಚಳವಳಿ 1917ರಲ್ಲೇ ನ್ಯೂಯಾರ್ಕಿನಲ್ಲಿ ಶಿಕ್ಷಕರ ಸಂಸ್ಥೆ ಶುರುಮಾಡಿತ್ತು, ಅದು ಮುಂದೆ ಯೆಶಿವಾ ವಿಶ್ವವಿದ್ಯಾಲಯದ ಭಾಗವಾಯಿತು. ಬಾಸ್ಟನ್ನಿನ ಹೀಬ್ರೂ ಟೀಚರ್ಸ್ ಕಾಲೇಜಿನಲ್ಲಿ ಪಾಠವೆಲ್ಲ ಹೀಬ್ರೂವಿನಲ್ಲೇ ನಡೆಯುತ್ತಿತ್ತು. ಹಗಲು ಹಾರ್ವರ್ಡ್‌ನಲ್ಲೋ ಇನ್ನೆಲ್ಲೋ ಓದುವ ವಿದ್ಯಾರ್ಥಿಗಳು ಸಂಜೆ ಮತ್ತು ಭಾನುವಾರ ಇಲ್ಲಿಗೆ ಬರುತ್ತಿದ್ದರು. ಈ ಕಾಲೇಜುಗಳ ಗುರಿ ತಾಲ್ಮುಡ್ ತೋರಾ ಎಂಬ ಸಮುದಾಯ ಶಾಲೆ. ಅಲ್ಲಿ ಮಕ್ಕಳು ವಾರದಲ್ಲಿ ನಾಲ್ಕೈದು ದಿನ ಸಂಜೆ ಓದುತ್ತಿದ್ದರು, ಹೀಬ್ರೂ ಶಿಕ್ಷಕನಿಗೆ ಅದು ಹೊಟ್ಟೆ ಹೊರೆಯುವ ಉದ್ಯೋಗವೇ ಆಗಿತ್ತು. ಭಾನುವಾರದ ಸ್ವಯಂಸೇವಕಿಗೆ ಇವು ಹೊಂದುವ ಸಂಸ್ಥೆಗಳಾಗಿರಲಿಲ್ಲ. ಅವಳಿಗಿದ್ದದ್ದು ಸಿನಗಾಗ್‌ನ ರಬ್ಬಿ ಬಿಡುವಾದಾಗ ನಡೆಸುವ ಪಾಠ ಮತ್ತು ಶಿಕ್ಷಣ ಮಂಡಳಿಯ ಒಂದು ದಿನದ ಸಮಾವೇಶ.

ಎರಡನೆಯ ಮಹಾಯುದ್ಧದ ನಂತರ ಯಹೂದಿ ಕುಟುಂಬಗಳು ನಗರದ ಕೇರಿಗಳನ್ನು ಬಿಟ್ಟು ಉಪನಗರಗಳಿಗೆ ಹೋದವು. ಅಲ್ಲಿ ಹೊಸ ಸಿನಗಾಗ್‌ಗಳು, ಪ್ರತಿಯೊಂದಕ್ಕೂ ಒಂದು ಶಾಲೆ. ತಾಲ್ಮುಡ್ ತೋರಾಗಳು ಮುಚ್ಚಿದವು. ವಾರಕ್ಕೆ ಹತ್ತು ಗಂಟೆಯಿದ್ದ ಪಾಠ ಮಧ್ಯಮ ಮಾರ್ಗದ ಕನ್ಸರ್ವೇಟಿವ್ ಪಂಥದ ಶಾಲೆಗಳಲ್ಲಿ ಆರಕ್ಕೆ, ರಿಫಾರ್ಮ್ ಶಾಲೆಗಳಲ್ಲಿ ಅದಕ್ಕಿಂತ ಕೆಳಗೆ ಇಳಿಯಿತು. 1950ರ ದಶಕದ ಕೊನೆಯಲ್ಲಿ ದೇಶದಾದ್ಯಂತ ಯಹೂದಿ ಶಿಕ್ಷಣ ಪಡೆಯುತ್ತಿದ್ದ ಮಕ್ಕಳ ಸಂಖ್ಯೆ ಐದೂವರೆ ಲಕ್ಷದಷ್ಟಿತ್ತು, ಬಹುಪಾಲು ಎಲ್ಲರೂ ಪೂರಕ ಶಾಲೆಗಳಲ್ಲಿ. 1959ರಲ್ಲಿ ದುಷ್ಕಿನ್ ಮತ್ತು ಯೂರಿಯಾ ಎಂಗಲ್‌ಮನ್ ಪ್ರಕಟಿಸಿದ ರಾಷ್ಟ್ರೀಯ ವರದಿ ಈ ಶಿಕ್ಷಣ ಅಗಲಕ್ಕೆ ಹರಡಿದೆ, ಆಳಕ್ಕೆ ಇಳಿದಿಲ್ಲ ಎಂದು ತೀರ್ಮಾನಿಸಿತು. ಅರೆಕಾಲಿಕ ಶಿಕ್ಷಕರ ಸಮಸ್ಯೆಯ ಬೇರು ಈ ದಶಕದಲ್ಲೇ ಇದೆ. ವಾರಕ್ಕೆ ಆರು ಗಂಟೆಯ ಕೆಲಸದಿಂದ ಸಂಸಾರ ಸಾಗುವುದಿಲ್ಲ. ಕಾಲೇಜುಗಳಲ್ಲಿ ನಾಲ್ಕು ವರ್ಷ ಹೀಬ್ರೂ ಓದಿದವರು ಸರ್ಕಾರಿ ಶಾಲೆಗೋ, ಆಗ ತಾನೇ ಬೆಳೆಯುತ್ತಿದ್ದ ಡೇ ಸ್ಕೂಲುಗಳಿಗೋ, ಶಾಲಾ ಆಡಳಿತಕ್ಕೋ ಹೋದರು. ಶಿಕ್ಷಕರ ಕಾಲೇಜುಗಳು ತಾವೂ ಬದಲಾದವು. ಹೆಸರಿನಿಂದ 'ಟೀಚರ್ಸ್' ಎಂಬ ಪದ ಕಳಚಿ ಸಾಮಾನ್ಯ ಯಹೂದಿ ಅಧ್ಯಯನದ ಪದವಿ ಕೊಡತೊಡಗಿದವು. ರಿಫಾರ್ಮ್ ಪಂಥದ ಹೀಬ್ರೂ ಯೂನಿಯನ್ ಕಾಲೇಜು ಲಾಸ್ ಏಂಜಲೀಸ್‌ನಲ್ಲಿ ತೆರೆದ ರಿಯಾ ಹಿರ್ಶ್ ಶಿಕ್ಷಣ ಶಾಲೆ ಉತ್ತಮ ಸಂಸ್ಥೆ. ಆದರೆ ಅಲ್ಲಿ ತಯಾರಾಗುವವರು ಮುಖ್ಯವಾಗಿ ಶಾಲೆಯ ನಿರ್ದೇಶಕರು. ಪಂಥಗಳ ಶಿಕ್ಷಣಾಧಿಕಾರಿಗಳ ಸಂಘಗಳು, ಅಂದರೆ ಕನ್ಸರ್ವೇಟಿವರ ಎಜುಕೇಟರ್ಸ್ ಅಸೆಂಬ್ಲಿ, ರಿಫಾರ್ಮ್ ಪಂಥದ ಟೆಂಪಲ್ ಎಜುಕೇಟರ್ಸ್ ಸಂಘ, ಇವೂ ಪೂರ್ಣಾವಧಿ ನಿರ್ದೇಶಕರ ವೃತ್ತಿಗೌರವವನ್ನೇ ಬೆಳೆಸಿದವು. ತರಗತಿಯೊಳಗೆ ನಿಲ್ಲುವವರು ಹವ್ಯಾಸಿಗಳಾಗಿಯೇ ಉಳಿದರು. ಕೆಲಸದ ಸ್ವರೂಪ ಬದಲಾಗಿದ್ದರೂ ತರಬೇತಿಯ ಸ್ವರೂಪ ಅದಕ್ಕೆ ತಕ್ಕಂತೆ ಬದಲಾಗಲಿಲ್ಲ ಎಂಬುದು ಈ ಇತಿಹಾಸದ ತಿರುಳು.

ಇದಕ್ಕೆ ಎರಡು ಬಗೆಯ ಉತ್ತರಗಳು ಬಂದವು. ಮೊದಲನೆಯದು ಪಂಡಿತರಿಂದ. ಒಹಾಯೊದ ಕೊಲಂಬಸ್ ನಗರದ ಉದ್ಯಮಿ ಸ್ಯಾಮ್ಯುಯೆಲ್ ಮೆಲ್ಟನ್ ಅವರ ಹಣದಿಂದ ಜೂಯಿಷ್ ಥಿಯಲಾಜಿಕಲ್ ಸೆಮಿನರಿಯಲ್ಲಿ ತೆರೆದ ಮೆಲ್ಟನ್ ಸಂಶೋಧನ ಕೇಂದ್ರ, ಸಂಜೆ ಶಾಲೆಯ ಮಕ್ಕಳಿಗೆ ಬೈಬಲ್ ಕಲಿಸುವ ಹೊಸ ಪಠ್ಯಕ್ರಮ ರೂಪಿಸಿತು. ಶಿಕ್ಷಕನಿಗೆ ಮೊದಲು ಗ್ರಂಥ ಅರ್ಥವಾಗಬೇಕು, ಆಮೇಲೆ ಬೋಧನೆ ಎಂಬುದು ಅದರ ನಿಲುವು. ಅದಕ್ಕಾಗಿಯೇ ಬೈಬಲ್ ವಿದ್ವಾಂಸ ನಹೂಮ್ ಸಾರ್ನಾ ಅವರಿಂದ ಉತ್ಪತ್ತಿ ಕಾಂಡದ ಮೇಲೆ ಪುಸ್ತಕ ಬರೆಸಿತು. 1966ರಲ್ಲಿ ಬಂದ ಆ 'ಅಂಡರ್‌ಸ್ಟ್ಯಾಂಡಿಂಗ್ ಜೆನೆಸಿಸ್' ವಿಶ್ವವಿದ್ಯಾಲಯಗಳಲ್ಲೂ ಓದುವ ಗ್ರಂಥವಾಯಿತು. ಸಂಜೆ ಶಾಲೆಯ ಶಿಕ್ಷಕನಿಗೆ ಆ ಮಟ್ಟದ ಓದನ್ನು ಕೊಡಬೇಕೆಂದು ಯೋಚಿಸಿದ್ದೇ ದೊಡ್ಡದು. ಆದರೆ ಅಷ್ಟು ಓದಲು ಬಿಡುವಿದ್ದವರು ಕಡಿಮೆ.

ಎರಡನೆಯ ಉತ್ತರ ಶಿಕ್ಷಕರಿಂದಲೇ ಬಂತು. 1976ರಲ್ಲಿ ರೋಡ್ ಐಲೆಂಡ್‌ನ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಸೇರಿದ ಸಮ್ಮೇಳನದಿಂದ ಕೇಜ್ ಎಂಬ ಸಂಘಟನೆ ಬೆಳೆಯಿತು. ಯಹೂದಿ ಶಿಕ್ಷಣದಲ್ಲಿ ಪರ್ಯಾಯಗಳನ್ನು ಹುಡುಕುವ ಒಕ್ಕೂಟ ಎಂಬ ಅರ್ಥದ ಪೂರ್ಣ ಹೆಸರೇ ಅದು ಅಂದಿನ ವಿದ್ಯಾರ್ಥಿ ಚಳವಳಿಗಳ ಕೂಸೆಂದು ತೋರಿಸುತ್ತದೆ. ಪ್ರತಿ ಆಗಸ್ಟ್‌ನಲ್ಲಿ ಯಾವುದಾದರೂ ವಿಶ್ವವಿದ್ಯಾಲಯದ ಆವರಣದಲ್ಲಿ ನೂರಾರು ಕಾರ್ಯಾಗಾರಗಳು ನಡೆಯುತ್ತಿದ್ದವು. ಭಾನುವಾರದ ಶಿಕ್ಷಕಿ, ಡೇ ಸ್ಕೂಲ್ ಪ್ರಾಂಶುಪಾಲ, ರಬ್ಬಿ, ಹಾಡುಗಾರ ಎಲ್ಲ ಒಂದೇ ಹಾಸ್ಟೆಲ್‌ನಲ್ಲಿ ಇಳಿದುಕೊಳ್ಳುತ್ತಿದ್ದರು, ಪಂಥದ ಗೋಡೆ ಇರಲಿಲ್ಲ. ಅಲ್ಲಿ ಕಲಿತದ್ದು ವ್ಯವಸ್ಥಿತ ವಿದ್ಯೆಯಲ್ಲ, ತುಣುಕುಗಳು: ಒಂದು ಆಟ, ಒಂದು ಹಾಡು, ಕಥೆ ಹೇಳುವ ಒಂದು ಬಗೆ. ಆದರೂ ಊರಿನಲ್ಲಿ ಒಂಟಿಯಾಗಿ ಕೆಲಸ ಮಾಡುವವರಿಗೆ ತಮ್ಮಂಥ ಸಾವಿರಾರು ಜನರಿದ್ದಾರೆಂದು ಗೊತ್ತಾದದ್ದು ಅಲ್ಲೇ. ಆರ್ಥಿಕ ಕುಸಿತದ 2009ರಲ್ಲಿ ಕೇಜ್ ಮುಚ್ಚಿತು. ಸ್ಥಾಪಕರಲ್ಲೊಬ್ಬರಾದ ರಬ್ಬಿ ಚೆರಿ ಕೋಲರ್ ಫಾಕ್ಸ್ ಅದನ್ನು ನ್ಯೂಕೇಜ್ ಹೆಸರಿನಲ್ಲಿ ಮತ್ತೆ ಕಟ್ಟಿದರು.

1990ರ ಹೊತ್ತಿಗೆ ವಿಷಯ ದೊಡ್ಡ ದಾನಿಗಳ ಕಿವಿಗೆ ಬಿತ್ತು. ಕ್ಲೀವ್‌ಲೆಂಡ್‌ನ ಮಾರ್ಟನ್ ಮ್ಯಾಂಡೆಲ್ ಅವರ ನೇತೃತ್ವದ ಆಯೋಗ 'ಎ ಟೈಮ್ ಟು ಆಕ್ಟ್' ಎಂಬ ವರದಿಯಲ್ಲಿ ಶಿಕ್ಷಕ ವೃತ್ತಿಯನ್ನು ಕಟ್ಟುವುದೇ ಮೊದಲ ಕೆಲಸವೆಂದಿತು. ಅದರ ಬೆನ್ನಿಗೇ ಅಟ್ಲಾಂಟಾ, ಬಾಲ್ಟಿಮೋರ್, ಮಿಲ್ವಾಕಿ ನಗರಗಳ ಎಲ್ಲ ಬಗೆಯ ಯಹೂದಿ ಶಾಲೆಗಳ ಶಿಕ್ಷಕರ ಸಮೀಕ್ಷೆ ನಡೆದು 1994ರಲ್ಲಿ ಅದರ ಸಾರಾಂಶ ಪ್ರಕಟವಾಯಿತು. ಶಿಕ್ಷಣಶಾಸ್ತ್ರ, ಯಹೂದಿ ಅಧ್ಯಯನ ಎರಡರಲ್ಲೂ ವೃತ್ತಿಶಿಕ್ಷಣ ಪಡೆದವರು ಶೇಕಡ 19 ಮಾತ್ರ. ಎರಡೂ ಇಲ್ಲದವರು ಮೂರನೆಯ ಒಂದು ಭಾಗದಷ್ಟು. ಪೂರಕ ಶಾಲೆಗಳ ಶಿಕ್ಷಕರಲ್ಲಿ ಹತ್ತಿರ ಹತ್ತಿರ ಶೇಕಡ 30 ಮಂದಿಗೆ ಹದಿಮೂರನೆಯ ವಯಸ್ಸಿನ ನಂತರ ಯಾವ ಯಹೂದಿ ಶಾಲಾ ಶಿಕ್ಷಣವೂ ಇರಲಿಲ್ಲ. ಅಂದರೆ ತಾವು ಕಲಿಸುವ ಮಕ್ಕಳಿಗಿಂತ ಹೆಚ್ಚು ಓದಿರಲಿಲ್ಲ. ಕೆಲಸದಲ್ಲಿದ್ದಾಗ ಸಿಗುವ ತರಬೇತಿಯೂ ಆಗೊಂದು ಈಗೊಂದು ಕಾರ್ಯಾಗಾರಕ್ಕೆ ಸೀಮಿತವಾಗಿತ್ತು, ಒಂದಕ್ಕೂ ಮುಂದಿನದಕ್ಕೂ ಸಂಬಂಧವಿರಲಿಲ್ಲ. ಹಾಗಿದ್ದೂ ಸಮೀಕ್ಷೆಯಲ್ಲಿ ಅನಿರೀಕ್ಷಿತವಾದ ಒಂದು ಅಂಶ ಸಿಕ್ಕಿತು. ಈ ಶಿಕ್ಷಕರು ಬಂದು ಹೋಗುವ ಜನ ಎಂಬ ಸಾಮಾನ್ಯ ನಂಬಿಕೆ ತಪ್ಪಾಗಿತ್ತು. ಅನೇಕರು ವರ್ಷಾನುಗಟ್ಟಲೆ ಉಳಿದಿದ್ದರು, ವಾರಕ್ಕೆ ಕೆಲವೇ ಗಂಟೆ ಕಲಿಸುವವರಲ್ಲೂ ಗಣನೀಯ ಪಾಲು ಜನ ಇದನ್ನು ತಮ್ಮ ವೃತ್ತಿಯೆಂದೇ ಕರೆದುಕೊಂಡರು. ಹೇಗೂ ಹೋಗುವವರಿಗೆ ತರಬೇತಿಯ ಖರ್ಚು ಏಕೆ ಎಂಬ ಹಳೆಯ ವಾದ ಇದರಿಂದ ಬಿದ್ದುಹೋಯಿತು.

ಸಮೀಕ್ಷೆಯ ಫಲವಾಗಿ 1995ರಲ್ಲಿ ಹುಟ್ಟಿದ್ದು ಶಿಕ್ಷಕರ ಶಿಕ್ಷಕರಿಗಾಗಿಯೇ ಇರುವ ಸಂಸ್ಥೆ. ಮುಂದೆ ಅದು ಮ್ಯಾಂಡೆಲ್ ಟೀಚರ್ ಎಜುಕೇಟರ್ ಇನ್‌ಸ್ಟಿಟ್ಯೂಟ್ ಎಂದು ಹೆಸರಾಯಿತು. ಗೇಲ್ ಡಾರ್ಫ್ ಅದನ್ನು ಮುನ್ನಡೆಸಿದರು. ಸಾಮಾನ್ಯ ಶಿಕ್ಷಣ ಕ್ಷೇತ್ರದ ಶಿಕ್ಷಕ ತರಬೇತಿ ತಜ್ಞೆ ಶರಾನ್ ಫೈಮನ್ ನೆಮ್ಸರ್ ಅದರ ಚಿಂತನೆಗೆ ರೂಪ ಕೊಟ್ಟವರಲ್ಲಿ ಒಬ್ಬರು. ಸಾವಿರಾರು ಅರೆಕಾಲಿಕರನ್ನು ಕಾಲೇಜಿಗೆ ಕರೆತರುವುದು ಅಸಾಧ್ಯ. ಆದ್ದರಿಂದ ಅವರ ಮೇಲ್ವಿಚಾರಕರಿಗೆ, ಅಂದರೆ ಶಾಲೆಯ ನಿರ್ದೇಶಕರಿಗೆ ಮತ್ತು ಶಿಕ್ಷಣ ಮಂಡಳಿಯ ಸಲಹೆಗಾರರಿಗೆ, ಶಿಕ್ಷಕರನ್ನು ಬೆಳೆಸುವ ವಿದ್ಯೆ ಕಲಿಸಬೇಕು ಎಂಬುದು ಇಲ್ಲಿಯ ತರ್ಕ. ಎರಡು ವರ್ಷಗಳ ಕಾಲ ಆಗಾಗ ಸೇರುವ ಗುಂಪು, ನೈಜ ತರಗತಿಯ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಮಗು ಏನು ಹೇಳಿತು, ಶಿಕ್ಷಕಿ ಅದನ್ನು ಹೇಗೆ ಕೇಳಿಸಿಕೊಂಡಳು ಎಂದು ಚರ್ಚಿಸುತ್ತದೆ. ಜೊತೆಗೆ ಇಬ್ಬಿಬ್ಬರಾಗಿ ಕೂತು ಗ್ರಂಥ ಓದುವ ಖೆವ್ರೂತಾ. ಯೆಶಿವಾ ಎಂಬ ಗ್ರಂಥಾಧ್ಯಯನ ಶಾಲೆಗಳ ಈ ಹಳೆಯ ಪದ್ಧತಿಯನ್ನು ಬ್ರಾಂಡೈಸ್ ವಿಶ್ವವಿದ್ಯಾಲಯದ ಮ್ಯಾಂಡೆಲ್ ಕೇಂದ್ರದ ಓರಿಟ್ ಕೆಂಟ್ ಮತ್ತಿತರರು ಬೋಧನಕ್ರಮವಾಗಿ ಅಧ್ಯಯನ ಮಾಡಿ, ಕೇಳುವುದು, ಪ್ರಶ್ನಿಸುವುದು, ಒಪ್ಪದಿರುವುದು ಎಂಬ ಕಲಿಯಬಹುದಾದ ಕೌಶಲಗಳಾಗಿ ಬಿಡಿಸಿ ತೋರಿಸಿದ್ದಾರೆ.

ಇಂದು ಪೂರಕ ಶಾಲೆಯ ಶಿಕ್ಷಕರಿಗೆ ಸಿಗುವ ತರಬೇತಿಯಲ್ಲಿ ಹಳೆಯದೂ ಹೊಸದೂ ಬೆರೆತಿವೆ. ಆಗಸ್ಟ್ ಕೊನೆಯ ಒಂದೆರಡು ದಿನದ ಪೂರ್ವಸಿದ್ಧತೆ ಎಲ್ಲೆಡೆ ಇದೆ. ವರ್ಷದಲ್ಲಿ ಒಂದು ಭಾನುವಾರ ಊರಿನ ಎಲ್ಲ ಪಂಥದ ಶಾಲೆಗಳ ಶಿಕ್ಷಕರು ಸೇರುವ ಅಧ್ಯಯನ ದಿನವನ್ನು ಶಿಕ್ಷಣ ಮಂಡಳಿ ನಡೆಸುತ್ತದೆ. ನ್ಯೂಯಾರ್ಕಿನ ಜೂಯಿಷ್ ಎಜುಕೇಶನ್ ಪ್ರಾಜೆಕ್ಟ್, ಕ್ಲೀವ್‌ಲೆಂಡ್‌ನ ಜೂಯಿಷ್ ಎಜುಕೇಶನ್ ಸೆಂಟರ್ ಈ ಬಗೆಯ ಸಂಸ್ಥೆಗಳಲ್ಲಿ ಪ್ರಮುಖವಾದವು. ಬೆಹ್ರ್‌ಮನ್ ಹೌಸ್, ತೋರಾ ಔರಾ ಮುಂತಾದ ಪ್ರಕಾಶಕರು ಪುಸ್ತಕದ ಜೊತೆಗೆ ಶಿಕ್ಷಕರ ಮಾರ್ಗದರ್ಶಿ ಮತ್ತು ಕಾರ್ಯಾಗಾರಗಳನ್ನೂ ಕೊಡುತ್ತಾರೆ. ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿರುವುದು ಶಾಲೆಯೊಳಗೇ ನಡೆಯುವ ತರಬೇತಿ. ಅನುಭವಿ ಶಿಕ್ಷಕಿಯೊಬ್ಬರು ಹೊಸಬರ ತರಗತಿಯಲ್ಲಿ ಹಿಂದೆ ಕೂತು ನೋಡಿ, ಆ ವಾರವೇ ಮಾತಾಡುತ್ತಾರೆ. ಶಿಕ್ಷಕಿ ಹೇಳಿದ್ದೇನು ಎಂಬುದಕ್ಕಿಂತ ಮಕ್ಕಳಿಗೆ ಅರ್ಥವಾದದ್ದೇನು ಎಂಬುದರ ಮೇಲೆ ಮಾತು ನಡೆಯುತ್ತದೆ. ಜ್ಯಾಕ್ ವರ್ಟ್‌ಹೈಮರ್ ಸಂಪಾದಿಸಿದ, ಯಶಸ್ವಿ ಪೂರಕ ಶಾಲೆಗಳ ಮೇಲಿನ 2009ರ ಅಧ್ಯಯನವೂ ಶಿಕ್ಷಕರ ಬೆಳವಣಿಗೆಗೆ ನಿರಂತರ ಗಮನ ಕೊಡುವುದನ್ನು ಒಳ್ಳೆಯ ಶಾಲೆಯ ಲಕ್ಷಣಗಳಲ್ಲಿ ಎಣಿಸಿತು.

ತರಬೇತಿಯ ವಸ್ತುವಿನಲ್ಲಿ ಹೀಬ್ರೂ ಬೋಧನೆಯದೇ ದೊಡ್ಡ ಪಾಲು. ಮಕ್ಕಳು ಸಿದ್ದೂರ್ ಎಂಬ ಪ್ರಾರ್ಥನಾ ಪುಸ್ತಕವನ್ನು ಅರ್ಥ ತಿಳಿಯದೆ ಅಕ್ಷರ ಕೂಡಿಸಿ ಓದುತ್ತಾರೆ ಎಂಬುದು ಶತಮಾನದ ದೂರು. ಕ್ಲೀವ್‌ಲೆಂಡ್‌ನ ಶಿಕ್ಷಣತಜ್ಞೆ ಲಿಫ್ಸಾ ಶಾಖ್ಟರ್ ರೂಪಿಸಿದ 'ಹೀಬ್ರೂ ಥ್ರೂ ಮೂವ್‌ಮೆಂಟ್' ಇದಕ್ಕೆ ಒಂದು ಉತ್ತರ. ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ಅವರ ಪದ್ಧತಿಯಂತೆ ಶಿಕ್ಷಕಿ ಹೀಬ್ರೂವಿನಲ್ಲಿ ಎದ್ದು ನಿಲ್ಲಿ, ನಡೆಯಿರಿ, ಬಾಗಿಲು ಮುಟ್ಟಿ ಎಂದು ಹೇಳುತ್ತಾಳೆ, ಮಕ್ಕಳು ಮಾಡುತ್ತಾರೆ. ಓದುವುದಕ್ಕೆ ಮೊದಲೇ ಕಿವಿ ಪಳಗುತ್ತದೆ. ಪ್ರಾರ್ಥನೆಯಲ್ಲಿ ಬರುವ ಪದಗಳೇ ಆಜ್ಞೆಗಳಲ್ಲಿ ಸೇರಿರುತ್ತವೆ. ಇದನ್ನು ಕಲಿಸುವವರಿಗೆ ಆನ್‌ಲೈನ್ ತರಬೇತಿಯಿದೆ. ಶಿಕ್ಷಕಿ ತನ್ನ ಬಿಡುವಿನಲ್ಲಿ ಮುಗಿಸಿ ಮುಂದಿನ ಭಾನುವಾರವೇ ಬಳಸಬಹುದು. ಅರೆಕಾಲಿಕರ ದಿನಚರಿಗೆ ಒಗ್ಗುವಂತೆ ರೂಪುಗೊಂಡ ಕೆಲವೇ ಯೋಜನೆಗಳಲ್ಲಿ ಇದೊಂದು. ಆರ್ಥಡಾಕ್ಸ್ ಪಂಥದ ಹಬಾದ್ ಚಳವಳಿಯ ಹೀಬ್ರೂ ಶಾಲೆಗಳಲ್ಲಿ ಬಳಸುವ 'ಆಲೆಫ್ ಚಾಂಪ್' ಕ್ರಮ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಓದಿನ ಮಟ್ಟಗಳನ್ನು ಕರಾಟೆ ಪಟ್ಟಿಗಳಂತೆ ಬಣ್ಣಗಳಲ್ಲಿ ವಿಂಗಡಿಸಿದ್ದಾರೆ. ಹಬಾದ್‌ಗೆ ಶಿಕ್ಷಕರ ಕೊರತೆಯೂ ಅಷ್ಟಾಗಿ ಇಲ್ಲ, ಬಾಲ್ಯದಿಂದ ಗ್ರಂಥ ಓದಿ ಬೆಳೆದ ಯುವತಿಯರು ಅವರ ಬಳಗದಲ್ಲೇ ಸಿಗುತ್ತಾರೆ.

ಕಳೆದ ಎರಡು ದಶಕಗಳಲ್ಲಿ ತರಬೇತಿಗೆ ಹೊಸ ವಿಷಯಗಳು ಸೇರಿವೆ. ಕಲಿಕೆಯ ತೊಂದರೆಯಿರುವ ಮಕ್ಕಳು ಇಡೀ ದಿನ ಶಾಲೆಯಲ್ಲಿ ದಣಿದು ಸಂಜೆ ಇಲ್ಲಿಗೆ ಬರುತ್ತಾರೆ. ಅವರನ್ನು ಒಳಗೊಳ್ಳುವ ಬಗೆಯನ್ನು ನ್ಯೂಯಾರ್ಕಿನ ಮಟಾನ್, ಬಾಸ್ಟನ್ನಿನ ಗೇಟ್‌ವೇಸ್ ಸಂಸ್ಥೆಗಳು ಕಲಿಸುತ್ತವೆ. ಮಕ್ಕಳ ರಕ್ಷಣೆಯ ನಿಯಮಗಳ ತಿಳಿವಳಿಕೆ ಅನೇಕ ಕಡೆ ಕಡ್ಡಾಯ. 2018ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಟ್ರೀ ಆಫ್ ಲೈಫ್ ಸಿನಗಾಗ್ ಮೇಲೆ ದಾಳಿ ನಡೆದು ಹನ್ನೊಂದು ಮಂದಿ ಸತ್ತ ಮೇಲೆ ಬಾಗಿಲು ಹಾಕಿ ಅಡಗುವ ಅಭ್ಯಾಸವೂ ಶಿಕ್ಷಕರ ಪಾಠಪಟ್ಟಿಗೆ ಬಂತು. ಹೋಲೊಕಾಸ್ಟ್‌ನ ಬಗ್ಗೆ ಯಾವ ವಯಸ್ಸಿನವರಿಗೆ ಎಷ್ಟು ಹೇಳಬೇಕು, ಇಸ್ರೇಲ್ ಬಗ್ಗೆ ತಂದೆತಾಯಿಗಳಲ್ಲೇ ಭಿನ್ನಾಭಿಪ್ರಾಯವಿರುವಾಗ ಹೇಗೆ ಕಲಿಸಬೇಕು ಎಂಬ ಪ್ರಶ್ನೆಗಳಿಗೆ ಒಂದು ಸಂಜೆಯ ಕಾರ್ಯಾಗಾರ ಸಾಕಾಗುವುದಿಲ್ಲ. ದೇವರ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವ ಪಾಠ ಇನ್ನೂ ವಿರಳ, ವಿಚಿತ್ರವೆಂದರೆ ಶಿಕ್ಷಕರು ಅತ್ಯಂತ ಅಳುಕುವುದು ಅಲ್ಲಿಯೇ.

ಅಡಚಣೆಗಳಲ್ಲಿ ಮುಖ್ಯವಾದದ್ದು ಹಣ ಮತ್ತು ಸಮಯ. ಶಿಕ್ಷಕರಿಗೆ ಸಂಬಳ ಪಾಠದ ಗಂಟೆಗಳ ಲೆಕ್ಕದಲ್ಲಿ. ಸಿದ್ಧತೆಗೆ, ಸಭೆಗೆ, ಕಲಿಕೆಗೆ ಬೇರೆ ದುಡ್ಡಿಲ್ಲ, ಆರೋಗ್ಯ ವಿಮೆ, ನಿವೃತ್ತಿ ಸೌಲಭ್ಯಗಳ ಮಾತೇ ಇಲ್ಲ. ಎರಡು ಗಂಟೆ ಪಾಠ ಮಾಡುವವರನ್ನು ಮೂರು ಗಂಟೆಯ ತರಬೇತಿಗೆ ಪುಕ್ಕಟೆ ಕರೆದರೆ ಬರುವವರು ಕಡಿಮೆ, ಬಂದವರೂ ಮತ್ತೊಮ್ಮೆ ಬರುವುದಿಲ್ಲ. ಇದನ್ನು ಅರಿತ ಶಿಕ್ಷಣ ಮಂಡಳಿಗಳು ತರಬೇತಿಯ ಗಂಟೆಗಳಿಗೆ ಭತ್ಯೆ ಕೊಡುವ, ಒಂದಿಷ್ಟು ಗಂಟೆ ಪೂರೈಸಿದವರ ವೇತನ ಏರಿಸುವಂತೆ ಸಭೆಗಳನ್ನು ಒಪ್ಪಿಸುವ ಪ್ರಯೋಗ ಮಾಡಿವೆ. ಕೆಲವು ದೊಡ್ಡ ಸಭೆಗಳು ನಾಲ್ಕಾರು ತುಂಡು ಕೆಲಸಗಳನ್ನು ಜೋಡಿಸಿ, ಭಾನುವಾರದ ಪಾಠ, ಶಿಶುವಿಹಾರ, ಯುವಕರ ಕೂಟ, ಕುಟುಂಬ ಕಾರ್ಯಕ್ರಮ ಎಲ್ಲ ಸೇರಿಸಿ ಒಂದು ಪೂರ್ಣಾವಧಿ ಹುದ್ದೆ ಮಾಡಿವೆ. ಹಾಗೆ ನೇಮಕವಾದವರ ಮೇಲೆ ಖರ್ಚು ಮಾಡಿದ ತರಬೇತಿ ನಿಲ್ಲುತ್ತದೆ. ಸಣ್ಣ ಸಭೆಗಳಿಗೆ ಈ ದಾರಿ ದುಬಾರಿ.

ಬ್ರಿಟನ್ನಿನ ಸಂಗತಿ ಸ್ವಲ್ಪ ಬೇರೆ. ಅಲ್ಲಿ ಸರ್ಕಾರದ ಅನುದಾನದಿಂದ ನಡೆಯುವ ಯಹೂದಿ ಪೂರ್ಣಾವಧಿ ಶಾಲೆಗಳು ಬೆಳೆದಂತೆ ಭಾನುವಾರದ ಖೇದರ್‌ಗಳು ಸೊರಗಿವೆ. ರಿಫಾರ್ಮ್ ಮತ್ತು ಲಿಬರಲ್ ಸಭೆಗಳ ಶಿಕ್ಷಕರಿಗೆ 1956ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಲಿಯೊ ಬೆಕ್ ಕಾಲೇಜು ನೆರವಾಗುತ್ತ ಬಂದಿದೆ.

ಅಮೆರಿಕದಲ್ಲಿ ಈಗ ಶಾಲೆಗಳೇ ಕಡಿಮೆಯಾಗುತ್ತಿವೆ. 2006ರ ಗಣತಿಯಲ್ಲಿ ಪೂರಕ ಶಾಲೆಗಳ ಮಕ್ಕಳು ಸುಮಾರು 2,30,000 ಇದ್ದರೆ, ಜೂಯಿಷ್ ಎಜುಕೇಶನ್ ಪ್ರಾಜೆಕ್ಟ್ 2023ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಆ ಸಂಖ್ಯೆ ಶೇಕಡ 40ಕ್ಕಿಂತ ಹೆಚ್ಚು ಇಳಿದಿತ್ತು. ನೂರಾರು ಶಾಲೆಗಳು ಮುಚ್ಚಿದ್ದವು ಅಥವಾ ಒಂದರಲ್ಲೊಂದು ಸೇರಿದ್ದವು. ರಾಷ್ಟ್ರಮಟ್ಟದಲ್ಲಿ ಯಹೂದಿ ಶಿಕ್ಷಣ ಮಂಡಳಿಗಳಿಗೆ ಬೆನ್ನೆಲುಬಾಗಿದ್ದ ಜೆಸ್ನಾ ಸಂಸ್ಥೆಯೂ 2013ರಲ್ಲಿ ಬಾಗಿಲು ಹಾಕಿತು. 2020ರ ಸಾಂಕ್ರಾಮಿಕದ ನಂತರ ಹೀಬ್ರೂ ಪಾಠವನ್ನು ಒಬ್ಬೊಬ್ಬ ಮಗುವಿಗೂ ಜೂಮ್‌ನಲ್ಲಿ ಪ್ರತ್ಯೇಕವಾಗಿ ಮಾಡುವ ಕ್ರಮ ಅನೇಕ ಕಡೆ ಉಳಿದುಕೊಂಡಿದೆ. ಇದರಿಂದ ದೂರದೂರಿನ ಶಿಕ್ಷಕರೂ ಸಿಗುವಂತಾಗಿದೆ. ಆದರೆ ಅವರ ಪಾಠವನ್ನು ಪಕ್ಕದಲ್ಲಿ ಕೂತು ನೋಡಿ ತಿದ್ದುವವರು ಇಲ್ಲವಾಗಿದ್ದಾರೆ. ಭಾನುವಾರದ ಶಿಕ್ಷಕರಿಗೆ ಎಲ್ಲ ಪಂಥಗಳೂ ಒಪ್ಪುವ ಅರ್ಹತಾಪತ್ರ ಇಂದಿಗೂ ರೂಪುಗೊಂಡಿಲ್ಲ. ಯಾರು ಕಲಿಸಬಹುದೆಂದು ತೀರ್ಮಾನಿಸುವ ಅಧಿಕಾರ ಈಗಲೂ ಆಯಾ ಸಿನಗಾಗ್‌ನ ಶಿಕ್ಷಣ ಸಮಿತಿಯದೇ.